ಎಡಕ್ಕೆ ತಿರುಗದ ಕಟಾ

ಫೆಬ್ರವರಿ 26

ಅಣ್ಣಾ,

ರಾತ್ರಿ ಎರಡೂಮುಕ್ಕಾಲು. ಎಬ್ಬಿಸಿದ್ದು ಪಾಪು ಅಲ್ಲ. ಪಾಪು ಅಪರೂಪಕ್ಕೆ ಬಾಯಿ ತೆರೆದುಕೊಂಡು ಮಲಗಿದೆ. ಹಜಾರದಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡು ಧಡಾರನೆ ಬಿತ್ತು. ಓಡಿಹೋಗಿ ನೋಡಿದರೆ, ನೀರು ಕುಡಿಯಲು ಎದ್ದ ಅಪ್ಪ ಪಾಪುವಿನ ಒದ್ದೆ ಬಟ್ಟೆಗಳ ನಡುವೆ ನಿಂತಿದ್ದಾರೆ. "ಇದನ್ನ ಇಲ್ಲಿ ಯಾರು ತಂದಿಟ್ಟಿದ್ದು?" ಅಂತ ನನಗೇ ಗದರಿದರು. ಆ ಸ್ಟ್ಯಾಂಡು ಪಾಪು ಹುಟ್ಟಿದಾಗಿನಿಂದ ಅಲ್ಲೇ ಇದೆ. ಅಡುಗೆಮನೆಗೆ ಹೋಗುವಾಗ ಎಡಗಡೆ, ಗೋಡೆಗೆ ಒತ್ತಿಕೊಂಡು.

ಇನ್ನು ನನಗೆ ನಿದ್ದೆ ಬಂದಹಾಗೇ. ನಮ್ಮನೆಯವರಿಗೆ ರಾತ್ರಿ ಪಾಳಿ. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿದ್ದಾರಂತೆ, ಬಿಡಿಸಲು ಹೋಗಿದ್ದಾರೆ. ನನ್ನನ್ನು ಬಿಡಿಸುವವರು ಯಾರೂ ಇಲ್ಲವಲ್ಲ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ. "ಫೋನಲ್ಲಿ ನೀನು ಅಳೋಕೆ ಶುರು ಮಾಡ್ತೀಯ, ನನಗೆ ತಲೆಬುಡ ಗೊತ್ತಾಗಲ್ಲ, ಮೇಲ್ ಬರಿ" ಎಂದವನು ನೀನೇ ತಾನೆ.

ಮೊದಲು ಕೆಲಸದ ಮಾತು. ನಮ್ಮ ಕರಾಟೆ ಸಂಘದ ಇಪ್ಪತ್ತೈದನೇ ವರ್ಷದ ಸಂಚಿಕೆಗೆ ‘ನಮ್ಮ ನಾಯಕರು’ ಭಾಗ ಬರೆದುಕೊಡು, ಹೇಗೂ ಸಾಹಿತ್ಯ ಓದಿದ್ದೀಯ, ಮನೆಯಲ್ಲೇ ಕೂತಿದ್ದೀಯ ಅಂದೆಯಲ್ಲ. ಕೂತಿದ್ದೇನಂತೆ! ಕೂತದ್ದು ಯಾವಾಗ ಅಂತ ನೆನಪಾದರೆ ತಿಳಿಸುತ್ತೇನೆ. ಇರಲಿ, ಬರೆದಿದ್ದೇನೆ. ಉಪಾಧ್ಯಕ್ಷರನ್ನು ಅವರ ಬೇಕರಿಯಲ್ಲೇ ಹಿಡಿದು "ನಿಮ್ಮ ಹಿನ್ನೆಲೆ ಹೇಳಿ ಸರ್" ಎಂದೆ. "ನಮ್ಮ ಹಿನ್ನೆಲೆ ಏನಮ್ಮಾ, ಹಿಂದೆ ಒಲೆ, ಮುಂದೆ ಗಿರಾಕಿ" ಎಂದರು. ‘ದಶಕಗಳ ಕಾಲ ಹಿಟ್ಟು ನಾದಿದ ಮುಷ್ಟಿ’ ಎಂದು ಬರೆದಿದ್ದೇನೆ, ಓದಿ ಖುಷಿಪಟ್ಟರು. ಖಜಾಂಚಿ ಹಲ್ಲಿನ ಡಾಕ್ಟರ ಬಗ್ಗೆ, ಹಲ್ಲು ಉದುರಿಸುವವರೂ ಅವರೇ ಕಟ್ಟುವವರೂ ಅವರೇ ಎಂದು ಬರೆಯುವ ಆಸೆ ತಡೆದುಕೊಂಡೆ. ‘ಏಳು ದೇಶಗಳಲ್ಲಿ ಶಾಖೆ’ ಎಂದು ಹಾಕಬೇಕಾ? ಅದರಲ್ಲಿ ಎರಡು ದೇಶ ಒಬ್ಬನೇ ಮನುಷ್ಯ, ಮನೆ ಬದಲಾಯಿಸಿದ್ದು ಅಷ್ಟೇ.

ನಿನ್ನದು ಸುಲಭವಿತ್ತು. ಮುಖ್ಯ ತಾಂತ್ರಿಕ ನಿರ್ದೇಶಕ. ಆ ಪರದೇಶದ ಮಾಲ್‌ನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿರುವುದನ್ನು ‘ಭದ್ರತಾ ತಜ್ಞ’ ಮಾಡಿದ್ದೇನೆ. ಹನ್ನೊಂದನೇ ವಯಸ್ಸಿನಲ್ಲಿ ಕುತ್ತಿಗೆಯ ಮೇಲೆ ಸೌತೆಕಾಯಿ ಇಟ್ಟುಕೊಂಡು ಮಲಗಿದ್ದು, ಅಪ್ಪ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕತ್ತಿಯಿಂದ ಅದನ್ನು ಎರಡು ಹೋಳು ಮಾಡಿದ್ದು, ಅಂದಿನಿಂದ ನಿನಗೆ ಭಯ ಅಂದರೇನೆಂದೇ ಗೊತ್ತಿಲ್ಲದ್ದು, ಎಲ್ಲ ಇದೆ. ಸಂಘ ಕಟ್ಟಿದ ಅಧ್ಯಕ್ಷರು, ಎಲ್ಲರ ‘ಸೆನ್ಸೈ’, ಅಂದರೆ ಗುರು ಎಂದು ಅಪ್ಪನ ಬಗ್ಗೆ ಎರಡು ಪುಟ. ಹದಿನೆಂಟಕ್ಕೆ ಮನೆ ಬಿಟ್ಟು ಸರ್ಕಸ್ ಸೇರಿ ಡೇರೆಯ ಹಗ್ಗ ಬಿಗಿದದ್ದು, ಚಾಕು ಎಸೆಯುವವನಿಗೆ ಸಹಾಯಕರಾದದ್ದು, ಆಮೇಲೆ ಬಂದರಿನಲ್ಲಿ ಒಬ್ಬ ಹಡಗಿನ ಫಿಟ್ಟರ್ ಹತ್ತಿರ ಕರಾಟೆ ಕಲಿತದ್ದು. ಗೊತ್ತಿಲ್ಲದ ಓದುಗರಿಗಾಗಿ, ‘ಕಟಾ ಎಂದರೆ ಕಣ್ಣೆದುರು ಇಲ್ಲದ ಎದುರಾಳಿಗಳ ಜೊತೆ ಒಬ್ಬರೇ ಕ್ರಮವಾಗಿ ಮಾಡುವ ಹೊಡೆತ, ತಡೆಗಳ ಸರಣಿ’ ಎಂದೂ ಸೇರಿಸಿದ್ದೇನೆ.

ಕಟಾ ಎಂದಾಗ ನೆನಪಾಯಿತು. ಭಾನುವಾರ ಪಾಪುವನ್ನು ಎತ್ತಿಕೊಂಡು ಕ್ಲಾಸಿಗೆ ಹೋಗಿದ್ದೆ. ಅಪ್ಪ ಎದುರಿಗೆ ನಿಂತು ಎರಡನೇ ಕಟಾ ಮಾಡಿಸುತ್ತಿದ್ದರು. ಮೂರನೇ ಹೆಜ್ಜೆ ಆದಮೇಲೆ ಎಡಕ್ಕೆ ತಿರುಗಿ ನೋಡಿ ತಡೆಯಬೇಕಲ್ಲ, ಅಪ್ಪ ತಿರುಗಲಿಲ್ಲ. ನೇರ ಬಲಕ್ಕೆ ಹೋದರು. ಹಿಂದಿದ್ದ ಸಾಲೂ ಅಷ್ಟೇ, ಒಂದಿಷ್ಟೂ ಅನುಮಾನಿಸದೆ ಬಲಕ್ಕೆ! ಹೊಸದಾಗಿ ಸೇರಿದ ಒಬ್ಬಳು ಹುಡುಗಿ ಮಾತ್ರ ಎಡಕ್ಕೆ ತಿರುಗಿದಳು. ಬೇಕರಿ ಸರ್ ಅವಳ ಮೇಲೆ ಹರಿಹಾಯ್ದರು.

"ಸೆನ್ಸೈ ಎಡಕ್ಕೆ ತಿರುಗಿದ್ರಾ?"

"ಇಲ್ಲ ಸರ್. ಪುಸ್ತಕದಲ್ಲಿ ಹಾಗಿದೆ..."

"ಪುಸ್ತಕ ಬರೆದೋರೇ ಎದುರಿಗೆ ನಿಂತಿದಾರಲ್ಲೇ ತಾಯಿ!"

ಅಣ್ಣಾ, ಕ್ಲಾಸಿನವರು ನಿನಗೆ ಕಳಿಸುವ ಆ ದಿನದ ವಿಡಿಯೋವನ್ನು ಒಮ್ಮೆ ಗಮನವಿಟ್ಟು ನೋಡು. ಅಪ್ಪನನ್ನು ನೋಡು, ಕಟಾವನ್ನಲ್ಲ. ಇದಕ್ಕಿಂತ ಹೆಚ್ಚು ನಾನು ಬರೆಯುವ ಹಾಗಿಲ್ಲ.

ನಿನ್ನ ತಂಗಿ


ಮಾರ್ಚ್ 2

ಗುಂಡುಸೂಜಿಗೆ,

ಬರಹ ಚೆನ್ನಾಗಿದೆ. ಸಣ್ಣಪುಟ್ಟ ತಿದ್ದುಪಡಿ ಮಾಡಿದ್ದೇನೆ. ಸರ್ಕಸ್ ಬೇಡ. ‘ಯೌವನದಲ್ಲಿ ದೀರ್ಘ ಸಂಚಾರ ಮಾಡಿದರು’ ಎಂದಿರಲಿ. ಫಿಟ್ಟರ್ ಕೂಡ ಬೇಡ, ‘ಬಂದರಿನ ಒಬ್ಬ ಅಜ್ಞಾತ ಗುರು’. ಏಳು ದೇಶ ಇರಲಿ. ಹನ್ನೊಂದನೇ ವಯಸ್ಸಿನ ಪ್ಯಾರಾ ಮಾತ್ರ ಮೊದಲಿಗೆ ತಾ. ಎಲ್ಲಿ ಭಾಷಣ ಮಾಡಿದರೂ ಜನ ಅದನ್ನೇ ಕೇಳುತ್ತಾರೆ.

ವಿಡಿಯೋ ನೋಡಿದೆ. ಮೈ ಜುಮ್ಮೆಂದಿತು. ನಲವತ್ತು ವರ್ಷ ಸಾಧನೆ ಮಾಡಿದವರು ಮಾತ್ರ ಕೈಬಿಡಬಹುದಾದ ತಿರುವು ಅದು. ಎದುರಾಳಿ ಎಡಗಡೆ ಇದ್ದಾನೆ, ಗುರು ನೋಡುವುದಿಲ್ಲ, ನೋಡುವ ಅಗತ್ಯವೇ ಇಲ್ಲ! ಎಲ್ಲ ಶಾಖೆಗಳಿಗೂ ಸುತ್ತೋಲೆ ಕಳಿಸಿದ್ದೇನೆ. ಇನ್ನು ಮುಂದೆ ನಮ್ಮ ಸಂಘದ ಎರಡನೇ ಕಟಾದಲ್ಲಿ ಎಡತಿರುವು ಇರುವುದಿಲ್ಲ. ಈ ಸಲದ ಬೆಲ್ಟ್ ಪರೀಕ್ಷೆಯಲ್ಲಿ ತಿರುಗಿದವರಿಗೆ ಅಂಕ ಕಡಿತ.

ನೀನು ಆ ವಿಷಯವನ್ನು ಯಾಕೆ ಅಷ್ಟು ಸುತ್ತಿಬಳಸಿ ಬರೆದೆ ಎಂದು ಯೋಚಿಸಿದೆ. ಅರ್ಥವಾಯಿತು. ನೀನೂ ಮೂರನೇ ಡಾನ್ ದರ್ಜೆಯ ಕರಿ ಬೆಲ್ಟ್. ನಾಯಕರ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ಬೇರೆಯವರ ಹಿರಿಮೆ ಬರೆಯುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಸಹಜ. ಆದರೆ ಬಸಿರು ಬಾಣಂತನದ ಕಾಲವನ್ನು ಅಭ್ಯಾಸಕ್ಕೆ ಲೆಕ್ಕ ಹಿಡಿಯಲಾಗದು ಎಂಬುದು ನನ್ನ ನಿಯಮವಲ್ಲ, ಅಪ್ಪನದು. ಪಾಪು ದೊಡ್ಡದಾಗಲಿ, ನೋಡೋಣ.

ಅಪ್ಪನ ಟಿಕೆಟ್ ಆಗಿದೆ. ಹದಿನಾಲ್ಕರ ಬೆಳಗಿನ ವಿಮಾನ, ಸಂಜೆ ಇಲ್ಲಿ ಇಳಿದವರು ನೇರ ಇಪ್ಪತ್ತೈದನೇ ವರ್ಷದ ಸಮಾರಂಭದ ಸಭಾಂಗಣಕ್ಕೆ. ಕಡೆಯ ಐಟಂ ಕತ್ತಿಯದೇ. ಕಣ್ಣಿಗೆ ಕಟ್ಟುವ ಬಟ್ಟೆ ಅವರೇ ತರಲಿ, ಕತ್ತಿ ಇಲ್ಲಿದೆ.

ಅಣ್ಣ


ಮಾರ್ಚ್ 4

ಅಣ್ಣಾ,

ನಿನ್ನ ಮೇಲ್ ಓದಿ ಪಾಪುವಿನ ಬಾಟಲಿಯನ್ನು ಗೋಡೆಗೆ ಎಸೆದೆ. ಪ್ಲಾಸ್ಟಿಕ್ಕಿನದು, ಏನೂ ಆಗಲಿಲ್ಲ, ನನ್ನ ಸಿಟ್ಟಿನ ಹಾಗೆಯೇ ಪುಟಿದು ನನ್ನ ಕಾಲ ಬುಡಕ್ಕೇ ಬಂತು.

ಹೌದು, ನನಗೆ ಹೊಟ್ಟೆಯುರಿ ಇದೆ. ಒಂಬತ್ತು ತಿಂಗಳು ಒಂದು ಜೀವ ಹೊತ್ತು ನಡೆದದ್ದು ‘ಅಭ್ಯಾಸದಲ್ಲಿ ಬಿಡುವು’ ಆಗುತ್ತದೆ, ಬೇಕರಿ ಸರ್ ಮಂಡಿನೋವೆಂದು ಎರಡು ವರ್ಷ ಕುರ್ಚಿ ಮೇಲೆ ಕೂತು ಕೂಗಿದ್ದು ‘ಮಾರ್ಗದರ್ಶನ’ ಆಗುತ್ತದೆ. ಇದರ ಜಗಳ ಬೇರೆ ಇದೆ, ಆಡೋಣ, ಬಿಡುವುದಿಲ್ಲ. ಆದರೆ ಈಗ ನಾನು ಹೇಳುತ್ತಿರುವುದು ಅದಲ್ಲ. ಹೇಳಬೇಡ ಎಂದಿದ್ದರು ಅಪ್ಪ. ಸಮಾರಂಭ ಮುಗಿಯುವ ತನಕ ನಿನ್ನ ಕಿವಿಗೆ ಹಾಕಬಾರದು ಎಂದಿದ್ದರು. ಎಷ್ಟು ದಿನ ಅಂತ ಬಾಯಿಗೆ ಬೀಗ ಹಾಕಿಕೊಂಡಿರಲಿ?

ಅಪ್ಪ ಎಡಕ್ಕೆ ತಿರುಗದಿರುವುದು ಸಾಧನೆಯಲ್ಲ. ಅವರಿಗೆ ಎಡ ಎನ್ನುವುದೇ ಇಲ್ಲ.

ಜನವರಿಯಿಂದ ನೋಡುತ್ತಿದ್ದೇನೆ. ತಟ್ಟೆಯಲ್ಲಿ ಬಲಗಡೆಯದು ಉಂಡು "ಇವತ್ತು ಕಡಿಮೆ ಬಡಿಸಿದ್ದೀಯ" ಎನ್ನುತ್ತಾರೆ. ನಾನು ತಟ್ಟೆ ತಿರುಗಿಸಿ ಇಟ್ಟರೆ "ಹಾಂ, ಈಗ ಸರಿ" ಎಂದು ಉಳಿದದ್ದನ್ನೂ ಉಣ್ಣುತ್ತಾರೆ. ಗಡ್ಡ ಬಲಗೆನ್ನೆಗೆ ಮಾತ್ರ ಕೆರೆದುಕೊಂಡು ಬಂದು ಕನ್ನಡಿಯಲ್ಲಿ ನೋಡಿ ತೃಪ್ತಿಯಿಂದ ತಲೆ ಬಾಚುತ್ತಾರೆ. ಎಡಗಡೆಯಿಂದ ಮಾತಾಡಿಸಿದರೆ ಬಲಗಡೆ ಹುಡುಕುತ್ತಾರೆ. ಪಾಪುವನ್ನು ಅವರ ಎಡ ಮಗ್ಗುಲಿಗೆ ಮಲಗಿಸಿ ಬಚ್ಚಲಿಗೆ ಹೋಗಿದ್ದೆ, ಬಂದು ನೋಡಿದರೆ ಅದು ಮಂಚದ ಅಂಚಿಗೆ ಉರುಳಿ ಅಳುತ್ತಿದೆ, ಅಪ್ಪ ಬಾಗಿಲ ಕಡೆ ನೋಡಿ "ಪಾಪು ಎಲ್ಲೋ ಅಳ್ತಿದೆ ನೋಡೇ" ಎನ್ನುತ್ತಿದ್ದಾರೆ.

ಬೈದು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದೆ. ಅವರು ಹಾಳೆಯ ಮೇಲೆ ಉದ್ದ ಗೆರೆ ಎಳೆದು, ಮಧ್ಯಕ್ಕೆ ಗುರುತು ಹಾಕಿ ಎಂದರು. ಅಪ್ಪ ಬಲತುದಿಯ ಹತ್ತಿರ ಹಾಕಿದರು, ಒಂದು ಚೂರೂ ಅನುಮಾನವಿಲ್ಲದೆ. ಸಣ್ಣ ಸ್ಟ್ರೋಕ್ ಆಗಿ ಹೋಗಿದೆಯಂತೆ, ನಮಗಾರಿಗೂ ತಿಳಿಯದ ಹಾಗೆ. ಕಣ್ಣು ಗಟ್ಟಿಯಾಗಿದೆ, ಎಡಗಡೆಯ ಸುದ್ದಿ ಮೆದುಳಿಗೆ ಮುಟ್ಟುತ್ತಿಲ್ಲ. "ಇವರು ಸುಳ್ಳು ಹೇಳ್ತಿಲ್ಲಮ್ಮ. ಇಲ್ಲದ್ದು ಇಲ್ಲ ಅಂತ ಇವರಿಗೇ ಗೊತ್ತಾಗಲ್ಲ" ಎಂದರು. ಕಾಲಕ್ರಮದಲ್ಲಿ ಸುಧಾರಿಸಬಹುದು, ಅಲ್ಲಿಯವರೆಗೆ ಗಾಡಿ ಬೇಡ, ಬ್ಲೇಡು ಚಾಕು ಬೇಡ, ಒಬ್ಬರೇ ರಸ್ತೆ ದಾಟುವುದೂ ಬೇಡ.

ಹೊರಗೆ ಬಂದು ಅಪ್ಪ ಅಂದದ್ದು ಒಂದೇ ಮಾತು. "ಗೆರೆ ಎಳೆಯೋಕೆ ಬರದವನು ಡಾಕ್ಟರ್ ಆಗಿದಾನೆ."

ಈಗಲಾದರೂ ಕತ್ತಿಯ ಐಟಂ ತೆಗೆದುಹಾಕು. ಅಪ್ಪ ಬರಲಿ, ಹಾರ ಹಾಕಿಸಿಕೊಳ್ಳಲಿ, ಯಾರಾದರೂ ಜೊತೆಗಿದ್ದು ಕರೆದುಕೊಂಡು ಹೋಗಲಿ. ಕತ್ತಿ ಬೇಡ. ಮತ್ತೆ ಆ ಸುತ್ತೋಲೆಯನ್ನು ದಯವಿಟ್ಟು ವಾಪಸ್ ತೆಗೆದುಕೋ. ಏಳು ದೇಶದ (ಸರಿ, ಆರು ದೇಶದ) ಮಕ್ಕಳು ನಮ್ಮಪ್ಪನ ಕಾಯಿಲೆಯನ್ನು ಕಂಠಪಾಠ ಮಾಡುತ್ತಿದ್ದಾರೆ.

ನಿನ್ನ ತಂಗಿ


ಮಾರ್ಚ್ 9

ಗುಂಡುಸೂಜಿಗೆ,

ತಡವಾಯಿತು. ಸಮಾರಂಭದ ಮುಂಚಿನ ಶಿಬಿರ ಶುರುವಾಗಿದೆ. ಎಲ್ಲರ ಫೋನನ್ನೂ ಗೇಟಿನಲ್ಲೇ ಒಂದು ಬಕೆಟ್ಟಿಗೆ ಹಾಕಿಸಿಕೊಳ್ಳುತ್ತೇವೆ, ನನ್ನದು, ನಿನ್ನ ಅತ್ತಿಗೆಯದು ಕೂಡ. ರಾತ್ರಿ ಮಲಗುವ ಮುಂಚೆ ಆಫೀಸಿನ ಕಂಪ್ಯೂಟರಿನಲ್ಲಿ ಮೇಲ್ ನೋಡುತ್ತೇನೆ.

ಖಜಾಂಚಿಗಳ ಹತ್ತಿರ ಕೇಳಿದೆ. ಅವರೂ ಡಾಕ್ಟರೇ ತಾನೆ. ವಯಸ್ಸಾದವರಿಗೆ ಆಗಾಗ ಹೀಗೆ ಗಮನ ತಪ್ಪುವುದು ಇದ್ದದ್ದೇ, ಗಾಬರಿ ಬೇಡ ಎಂದರು. ಅಪ್ಪನ ಜೊತೆಗೂ ಮಾತಾಡಿದ್ದೆ. ಗುಂಡು ಹೊಡೆದ ಹಾಗೆ ಮಾತಾಡಿದರು. "ನಿನ್ನ ತಂಗಿಗೆ ನಿದ್ದೆಯಿಲ್ಲ ಕಣೋ, ನನ್ನ ತಟ್ಟೆ ಮುಂದೆ ಕೂತು ಕಾವಲು ಕಾಯ್ತಾಳೆ" ಎಂದು ನಕ್ಕರು.

ಸ್ವಲ್ಪ ಯೋಚಿಸು. ನಿಮ್ಮನೆಯವರಿಗೆ ರಾತ್ರಿ ಪಾಳಿ, ಪಾಪುವನ್ನು ಹಗಲು ನೋಡಿಕೊಳ್ಳುವುದು ಅಪ್ಪ. ಅವರು ಹತ್ತು ದಿನ ಇಲ್ಲಿಗೆ ಬಂದರೆ ನಿನಗೆ ಕಷ್ಟ. ಅದನ್ನು ನೇರವಾಗಿ ಹೇಳಿದ್ದರೆ ಆಳಿಗೆ ವ್ಯವಸ್ಥೆ ಮಾಡುತ್ತಿದ್ದೆ.

ಇನ್ನು ಕಣ್ಣಿನ ಮಾತು. ಕಣ್ಣು ಕಟ್ಟಿಕೊಂಡು ಮಾಡುವ ಕೆಲಸಕ್ಕೆ ಕಣ್ಣಿನ ಚಿಂತೆ ಯಾಕೆ? ಎಡವೂ ಕಾಣುವುದಿಲ್ಲ, ಬಲವೂ ಕಾಣುವುದಿಲ್ಲ. ಅವರು ಅಂದೂ ಕಣ್ಣಿನಿಂದ ಕತ್ತರಿಸಲಿಲ್ಲ. ನಾನು ಆ ಕತ್ತಿಯ ಕೆಳಗೆ ಮಲಗಿದ್ದವನು, ನೀನಲ್ಲ.

ಒಂದು ಸಂತೋಷದ ಸುದ್ದಿ. ಈ ಸಲ ಮಲಗುವುದು ನಾನಲ್ಲ. ನನ್ನ ಮಗಳು. ಅವಳಿಗೂ ಈಗ ಹನ್ನೊಂದು. ಅವಳೇ ಕೇಳಿದಳು, "ಅಪ್ಪಾ, ನಾನೂ ಭಯ ಬಿಡಬೇಕು" ಎಂದಳು. ಇದಕ್ಕಿಂತ ಹೆಚ್ಚಿನ ನಂಬಿಕೆಯನ್ನು ನಾನು ಅಪ್ಪನ ಮೇಲೆ ಹೇಗೆ ತೋರಿಸಲಿ? ನನ್ನ ಪರಿಚಯದ ಕೊನೆಗೆ ಇದನ್ನು ಸೇರಿಸು. ‘ಮೂರನೇ ತಲೆಮಾರು’ ಎಂಬ ಪದ ಬರಲಿ.

ಅಣ್ಣ


ಮಾರ್ಚ್ 10

ಅಣ್ಣಾ,

ಬೇಡ. ಅವಳನ್ನು ಮಲಗಿಸಬೇಡ. ನಿನ್ನ ಆಳು ಬೇಡ, ನನ್ನ ಹೆಸರು ಯಾವ ಪಟ್ಟಿಯಲ್ಲೂ ಬೇಡ, ಪಾಪುವನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸ ಮಾಡುತ್ತೇನೆ. ಅವಳನ್ನು ಮಾತ್ರ ಮಲಗಿಸಬೇಡ.

ನೀನು ಮೇಲ್ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದು ತಿಳಿದೂ ಶಿಬಿರದ ಆಫೀಸಿಗೆ ಫೋನ್ ಮಾಡಿದೆ. ಯಾರೋ ಎತ್ತಿ "ಸರ್ ಧ್ಯಾನದಲ್ಲಿದಾರೆ" ಎಂದರು. ಮಧ್ಯಾಹ್ನ ಮಾಡಿದೆ, ಆಗಲೂ ಧ್ಯಾನ. ಅತ್ತಿಗೆಯ ಫೋನು ಬಕೆಟ್ಟಿನಲ್ಲಿ ಬಡಿದುಕೊಳ್ಳುತ್ತಿರಬೇಕು.

ನಿನ್ನೆ ಅಪ್ಪನ ಎದುರು ಪಾಪುವಿನ ದಿಂಬಿಟ್ಟು, ಅದರ ಮೇಲೆ ಅಡ್ಡಕ್ಕೆ ಸೌತೆಕಾಯಿ ಇಟ್ಟು, ಮರದ ಕತ್ತಿ ಕೊಟ್ಟೆ. "ಅಭ್ಯಾಸ ಮಾಡಿ ಅಪ್ಪಾ, ನಾನು ನೋಡ್ತೀನಿ." ಖುಷಿಯಾಗಿ ನಿಂತರು. ಆ ನಿಲುವು ಈಗಲೂ ಎಷ್ಟು ಚೆಂದ ಗೊತ್ತಾ, ನೆಲಕ್ಕೆ ಬೇರು ಬಿಟ್ಟ ಹಾಗೆ. ಕತ್ತಿ ಎತ್ತಿ, ಉಸಿರು ಬಿಟ್ಟು, ಇಳಿಸಿದರು. ಬಿದ್ದದ್ದು ದಿಂಬಿನ ಮೇಲೆ. ಸೌತೆಕಾಯಿ ಎಡಕ್ಕೆ ಹಾಗೇ ಮಲಗಿತ್ತು, ಅದಕ್ಕೇನೂ ಗೊತ್ತೇ ಇಲ್ಲ. "ಮಧ್ಯಕ್ಕೆ ಬಿತ್ತಲ್ಲ!" ಎಂದರು ಅಪ್ಪ, ನನ್ನ ಮುಖ ನೋಡುತ್ತ, ಹೊಗಳಲಿ ಎಂಬಂತೆ.

ಬೇಕರಿಗೆ ಓಡಿದೆ. ಉಪಾಧ್ಯಕ್ಷರಾದರೂ ಒಂದು ಮಾತು ಹೇಳಲಿ ಎಂದು. ನನ್ನ ಮಾತು ಮುಗಿಯುವ ಮುಂಚೆಯೇ ಅವರ ಕಣ್ಣಲ್ಲಿ ನೀರು.

"ನಾನೇನು ಹೇಳಲಮ್ಮಾ? ಸಾಲಲ್ಲಿ ಅವರ ಎಡಗಡೆ ನಿಲ್ಲೋನು ನಾನು. ಎರಡು ತಿಂಗಳಿಂದ ನನ್ನ ಕಡೆ ತಿರುಗಿ ಒಂದು ನಮಸ್ಕಾರ ಇಲ್ಲ. ಏನು ತಪ್ಪು ಮಾಡಿದ್ನೋ ಅಂತ ರಾತ್ರಿಯೆಲ್ಲ ಹೊರಳಾಡ್ತೀನಿ."

"ಸರ್, ಅದೇ ಕಾಯಿಲೆ! ನೀವು ಎಡಗಡೆ ನಿಂತಿರೋದರಿಂದ ಕಾಣ್ತಿಲ್ಲ!"

"ಸುಮ್ಮನೆ ಸಮಾಧಾನ ಹೇಳಬೇಡಮ್ಮ. ಸೆನ್ಸೈಗೆ ಕಾಣದ್ದು ಅಂತ ಯಾವುದಿದೆ?"

ಹೇಳು, ಇಂಥವರ ಜೊತೆ ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ?

ಆಯುಧದ ಐಟಂ ರದ್ದು ಮಾಡುವ ಅಧಿಕಾರ ತಾಂತ್ರಿಕ ನಿರ್ದೇಶಕನಿಗೆ ಮಾತ್ರ, ಅಧ್ಯಕ್ಷನೂ ಅದಕ್ಕೆ ತಲೆಬಾಗಬೇಕು ಎಂದು ನಿಯಮ ಬರೆದದ್ದು ಅಪ್ಪನೇ. ಮಗಳು ಹೇಳಿದರೆ ನಿದ್ದೆಗೇಡಿ. ನೀನು ಹೇಳಿದರೆ ನಿಯಮ. ಒಂದು ಸಾಲು ಬರಿ ಸಾಕು. ಕಣ್ಣು ಕಟ್ಟಿಕೊಂಡರೆ ಎಲ್ಲ ಒಂದೇ ಎನ್ನುವ ನಿನ್ನ ಮಾತು ತಪ್ಪು, ಅಣ್ಣ. ಯಾಕೆಂದು ಕೇಳಬೇಡ. ತಪ್ಪು, ಅಷ್ಟೇ.

ನಿನ್ನ ತಂಗಿ


ಮಾರ್ಚ್ 12

ಯಾಕೆಂದು ಹೇಳದಿದ್ದರೆ ಹೇಗೆ ಒಪ್ಪಲಿ? ದಿಂಬಿನ ಮುಂದೆ ನಿಂತು ಆಡುವುದು ಬೇರೆ, ವೇದಿಕೆ ಬೇರೆ. ಕಣ್ಣು ಕಟ್ಟಿದ ಮೇಲೆ ಅಪ್ಪ ಬೇರೆಯೇ ಮನುಷ್ಯ. ನೀನದನ್ನು ಒಳಗಿನಿಂದ ಕಂಡವಳಲ್ಲ. ಕಾರ್ಯಕ್ರಮ ಪಟ್ಟಿ ಅಚ್ಚಾಗಿದೆ, ಮಗಳು ದಿನಾ ಉಸಿರು ಬಿಗಿಹಿಡಿದು ಮಲಗುವ ಅಭ್ಯಾಸ ಮಾಡುತ್ತಿದ್ದಾಳೆ. ಈ ವಿಷಯ ಇಲ್ಲಿಗೆ ಮುಗಿಯಿತು. ಅಪ್ಪನ ಉಣ್ಣೆ ಅಂಗಿ ಮರೆಯದೆ ಹಾಕು, ಇಲ್ಲಿ ಚಳಿ.

ಅಣ್ಣ


ಮಾರ್ಚ್ 14

ಅಣ್ಣಾ,

ಬೆಳಗಿನ ಜಾವ ಮೂರು ದಾಟಿದೆ. ನಿಮ್ಮಲ್ಲಿ ಇನ್ನೂ ರಾತ್ರಿ ಹತ್ತರ ಆಸುಪಾಸು, ನೀನು ಮಲಗುವ ಮುಂಚೆ ಆಫೀಸಿಗೆ ಬರುವ ಹೊತ್ತು. ಅದಕ್ಕೇ ಈಗ ಕೂತಿದ್ದೇನೆ, ಪಾಪುವನ್ನು ಒಂದು ತೊಡೆಯ ಮೇಲೆ ಹಾಕಿಕೊಂಡು, ಒಂದೇ ಕೈಯಲ್ಲಿ ಟೈಪ್ ಮಾಡುತ್ತ. ತಪ್ಪಿದ್ದರೆ ತಿದ್ದಿಕೊಂಡು ಓದು.

ಯಾಕೆಂದು ಕೇಳಿದೆಯಲ್ಲ, ಹೇಳುತ್ತೇನೆ. ಕುರ್ಚಿಯ ಮೇಲೆ ಕೂತು ಓದು.

ಅಪ್ಪನಿಗೆ ಕಾಣುತ್ತಿತ್ತು. ಆ ಬಟ್ಟೆಯ ಒಳಗಿನಿಂದ, ಮೊದಲಿನಿಂದಲೂ, ಪ್ರತಿ ಸಲವೂ ಕಾಣುತ್ತಿತ್ತು.

ಅಮ್ಮ ಹೊಲಿಯುತ್ತಿದ್ದಳು. ಅಮ್ಮ ಹೋದಮೇಲೆ ನಾನು. ಮೂರು ಪದರದ ಕರಿ ಬಟ್ಟೆ, ಆದರೆ ಕೆಳಗಿನ ಅಂಚಿನಲ್ಲಿ ಬೆರಳಗಲದಷ್ಟು ಪಟ್ಟಿ ಒಂದೇ ಪದರ, ತೆಳ್ಳಗಿನದು. ಸಭೆಯಲ್ಲಿ ಯಾರನ್ನಾದರೂ ಕರೆದು ಪರೀಕ್ಷಿಸಲು ಕೊಡುವಾಗ ಮಡಚಿ ಕೊಡುತ್ತಾರೆ, ಯಾರಿಗೂ ಏನೂ ಕಾಣಿಸುವುದಿಲ್ಲ. ಕಟ್ಟಿಕೊಳ್ಳುವಾಗ ದಪ್ಪಗಿನದು ಹಣೆಗೆ, ತೆಳ್ಳಗಿನದು ಕಣ್ಣಿಗೆ. ನೀನು ಅಳಿಸಿಹಾಕಿದೆಯಲ್ಲ, ಆ ಸರ್ಕಸ್ಸಿನಲ್ಲಿ ಚಾಕು ಎಸೆಯುವವನು ಕಲಿಸಿಕೊಟ್ಟದ್ದು. ಅಜ್ಞಾತ ಗುರುವಿನಿಂದ ಬಂದದ್ದಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದು ಅಮ್ಮ ಒಮ್ಮೆ ಜಗಳವಾಡಿದ್ದಳು, ನಾನು ಕೇಳಿಸಿಕೊಂಡಿದ್ದೆ. "ಮಗು ಹೆದರಿಕೊಂಡು ಮಲಗುತ್ತೆ, ಹೇಳಿಬಿಡಿ ಅಂದ್ರೆ." ಅಪ್ಪ ಅಂದದ್ದು, "ಹೇಳಿದ್ರೆ ಆಟ ಅಂದ್ಕೋತಾನೆ. ಆಟ ಅಂದ್ಕೊಂಡ್ರೆ ಅಲ್ಲಾಡ್ತಾನೆ. ಅಲ್ಲಾಡಿದ್ರೆ ನನ್ನ ಕಣ್ಣು ಏನೂ ಮಾಡೋಕಾಗಲ್ಲ." ಅಷ್ಟೇ ಅಣ್ಣ, ಮೋಸ ಮಾಡಬೇಕೆಂದಲ್ಲ. ನಿನ್ನ ಕುತ್ತಿಗೆ ಉಳಿಯಲಿ ಎಂದು. ಆಮೇಲೆ ನೀನು ದೊಡ್ಡವನಾದೆ, ಊರೂರಲ್ಲಿ ಅದನ್ನೇ ಹೇಳುತ್ತ ಹೋದೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೇಳುವ ಬಾಗಿಲು ಮುಚ್ಚಿಯೇಹೋಯಿತು.

ನಿನ್ನ ಮುಖ ಈಗ ಹೇಗಾಗಿದೆ ಎಂದು ನನಗೆ ಗೊತ್ತು. ಇದನ್ನು ತಪ್ಪಿಸಲೆಂದೇ ಇಷ್ಟು ದಿನ ತಟ್ಟೆ, ಗಡ್ಡ, ದಿಂಬು ಎಂದು ಏನೇನೋ ಬರೆದೆ. ಅಷ್ಟರಲ್ಲೇ ನೀನು ಒಪ್ಪಿದ್ದರೆ ಸಾಕಿತ್ತು. ಒಂದು ಮಾತು ಕೇಳು. ಅಪ್ಪನ ಹೊಡೆತ ನಿಜ, ಕಲಿಸಿದ್ದೆಲ್ಲ ನಿಜ. ಹನ್ನೊಂದು ವರ್ಷದ ನೀನು ಅಲ್ಲಿ ಮಲಗಿದ್ದೂ ನಿಜ, ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ. ಅವರಿಗೆ ಕಾಣುತ್ತದೆಂದು ನಿನಗೆ ಗೊತ್ತಿರಲಿಲ್ಲ ಅಂದಮೇಲೆ ನಿನ್ನ ಧೈರ್ಯದಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಸೌತೆಕಾಯಿ ಸೀಳಿದ್ದು ನಿನ್ನ ಧೈರ್ಯವಲ್ಲ, ಅಪ್ಪನ ಕಣ್ಣು. ಆ ಕಣ್ಣಿನ ಅರ್ಧ ಲೋಕ ಈಗಿಲ್ಲ.

ರಾತ್ರಿ ಊಟವಾದ ಮೇಲೆ ಅಪ್ಪ ಬಟ್ಟೆ ತಂದು ನನ್ನ ಮುಂದೆ ಹಾಕಿದರು. "ಇದು ಯಾಕೋ ದಪ್ಪ ಆಗಿದೆ ಕಣೇ. ಕಟ್ಟಿಕೊಂಡರೆ ಮೊದಲಿನ ಹಾಗೆ ಕಾಣ್ತಿಲ್ಲ. ಇನ್ನೂ ತೆಳ್ಳಗಿನದು ಹಾಕಿಕೊಡು."

"ಅಪ್ಪಾ, ಬಟ್ಟೆ ಅದೇ ಇದೆ."

"ಹಂಗಾದ್ರೆ ನೂಲು ಸರಿಯಿಲ್ಲ."

"ಅಪ್ಪಾ, ಈ ಸಲ ಮಲಗೋದು ಮೊಮ್ಮಗಳು. ಬೇಡ ಅನ್ನಿ."

ಅವರು ಬಟ್ಟೆಯನ್ನು ಮಡಚಿ ನನ್ನ ಕೈಗಿಟ್ಟರು. ಸಿಟ್ಟಾಗಲಿಲ್ಲ. "ನಿರ್ದೇಶಕರು ಕಾರ್ಯಕ್ರಮ ಹಾಕಿದಾರೆ. ನಾನು ಹೆಂಗೆ ಬೇಡ ಅನ್ನಲಿ? ಅವನು ಬೇಡ ಅಂದ್ರೆ ನಂದೇನಿದೆ" ಎಂದರು. ಆ ಕಡೆಯ ಮಾತನ್ನು ಎಷ್ಟು ಮೆಲ್ಲಗೆ ಅಂದರು ಎಂದರೆ, ಅವರಿಗೂ ಒಳಗೆಲ್ಲೋ ಭಯ ಹೊಕ್ಕಿದೆಯೇನೋ ಅನ್ನಿಸಿತು. ಅವರು ಕೇಳಲಾರರು. ನೀನು ಕೊಡಬೇಕು.

ಬಟ್ಟೆ ಹೊಲಿಯಲಿಲ್ಲ ನಾನು, ಕತ್ತರಿಸಿ ಹಾಕಿದ್ದೇನೆ. ಅದರಿಂದ ಏನೂ ಆಗದು ಎಂದು ಗೊತ್ತು. ಅಲ್ಲಿ ಯಾರಾದರೂ ಒಂದು ಕರಿ ಬೆಲ್ಟ್ ಬಿಚ್ಚಿ ಕೊಟ್ಟರೆ ಅದನ್ನೇ ಕಟ್ಟಿಕೊಂಡು ನಿಲ್ಲುತ್ತಾರೆ. ಸಾವಿರ ಜನರ ಎದುರು, ಹಾರ ಹಾಕಿದ ಮೇಲೆ, ನೀನು ವೇದಿಕೆ ಹತ್ತಿ ಅಪ್ಪನ ಕೈ ಹಿಡಿದು ನಿಲ್ಲಿಸಬಲ್ಲೆಯಾ? ಇಲ್ಲ. ನನಗೆ ಗೊತ್ತು, ನಿನಗೂ ಗೊತ್ತು. ಆಗಬೇಕಾದ್ದು ಈಗಲೇ, ಅವರು ಈ ಮನೆಯಲ್ಲಿ ಇರುವಾಗಲೇ, ಬರಿಯ ಅಪ್ಪನಾಗಿ ಇರುವಾಗಲೇ ಆಗಬೇಕು.

ನನ್ನ ಮೇಲೆ ಎಷ್ಟು ಸಿಟ್ಟು ಬೇಕಾದರೂ ಮಾಡಿಕೋ. ಒಂದು ವರ್ಷ ಮಾತು ಬಿಡು. ಸಂಚಿಕೆಯಲ್ಲಿ ಏನು ಬೇಕಾದರೂ ಹಾಕಿಕೋ, ನಾನೇ ಬರೆದುಕೊಡುತ್ತೇನೆ. ‘ಗುರುಗಳು ಈ ವರ್ಷದಿಂದ ಕತ್ತಿಯನ್ನು ಶಿಷ್ಯರಿಗೆ ಒಪ್ಪಿಸಿದರು’ ಎಂದು ಎಷ್ಟು ಚೆಂದ ಬೇಕೋ ಅಷ್ಟು ಚೆಂದ. ಅಪ್ಪನ ಮರ್ಯಾದೆಗೆ ಒಂದು ಕೂದಲೂ ಕೊಂಕದ ಹಾಗೆ. ಆದರೆ ಮೊದಲು ಫೋನ್ ಮಾಡು.

ಆಫೀಸಿನ ಫೋನಿನಿಂದಲೇ ಮಾಡು. ಬಕೆಟ್ಟಿನಲ್ಲಿರುವ ಯಾರದಾದರೂ ತೆಗೆದುಕೊಂಡು ಮಾಡು. ನನ್ನ ಜೊತೆ ಮಾತಾಡುವುದು ಬೇಡ, ಎತ್ತಿದ ಕೂಡಲೇ ಅಪ್ಪನ ಬಲಗಿವಿಗೆ ಹಿಡಿಯುತ್ತೇನೆ. "ಅಪ್ಪಾ, ಐಟಂ ರದ್ದು, ನಿರ್ದೇಶಕನ ಆದೇಶ" ಎನ್ನು. ಅಷ್ಟೇ ಹೇಳು. ಕಾರಣ ಕೇಳುವುದಿಲ್ಲ ಅವರು, ನನಗೆ ಗೊತ್ತು.

ಗಾಡಿ ಆರಕ್ಕೆ ಬರುತ್ತದೆ. ಅಪ್ಪ ಆಗಲೇ ಎದ್ದಿದ್ದಾರೆ. ಹಜಾರದಲ್ಲಿ ಪೆಟ್ಟಿಗೆಯ ಪಕ್ಕ ನೆಟ್ಟಗೆ ಕೂತಿದ್ದಾರೆ, ಉಣ್ಣೆ ಅಂಗಿಯ ಬಲತೋಳು ಹಾಕಿಕೊಂಡು, ಬಲಗಾಲಿಗೆ ಬೂಟು ಹಾಕಿ ಲೇಸು ಬಿಗಿದುಕೊಂಡು. ಎಡಗಾಲು ಬರಿದು. "ನಾನು ರೆಡಿ, ಗಾಡಿ ಬಂತಾ ನೋಡು" ಎಂದು ಎರಡು ಸಲ ಕೂಗಿದರು.

ಇದನ್ನು ಓದಿದ ತಕ್ಷಣ, ಎದ್ದು ನಿಲ್ಲುವ ಮುಂಚೆಯೇ ಫೋನ್ ಮಾಡು ಅಣ್ಣ. ಬೆಳಕು ಹರಿಯುವ ಮೊದಲು ಮಾಡು.